ಡ್ಯಾಶ್‌ಬೋರ್ಡಿನ ಸವತಿ

ನನ್ನ ಗಂಡ ಓಡಿಸುವ ಮೀನಿನ ಟೆಂಪೊಗೆ ಅದರ ಮಾಲೀಕರು ಒಂದು ಕ್ಯಾಮೆರಾ ಹಾಕಿಸಿದರು. ಓಡಿಸುವವರ ಕಣ್ಣು ರಸ್ತೆಯಿಂದ ಸರಿದರೆ ಸಾಕು, ಅದರೊಳಗಿನ ಹೆಣ್ಣು ದನಿ, “ದಯವಿಟ್ಟು ಮುಂದೆ ನೋಡಿ” ಎನ್ನುತ್ತದೆ. ಎಂಥ ದನಿ! ಬೆಣ್ಣೆ ಹಚ್ಚಿದ ಹಾಗೆ. ಮೀನಿನ ಏಲಂನಲ್ಲಿ ರೇಟು ಕೂಗಿ ಕೂಗಿ ಒಡೆದ ನನ್ನ ಗಂಟಲು ಅವಳ ಮುಂದೆ ಯಾವ ಲೆಕ್ಕ?

ಮಲ್ಪೆಯಲ್ಲಿ ಮೀನು ತುಂಬಿಸಿ ಕಾರ್ಕಳದ ಮಾರ್ಕೆಟಿಗೆ ಹೊರಟರೆ ದಾರಿಯುದ್ದಕ್ಕೂ ಇವರಿಗೆ ಫೋನು. ಬಂಗುಡೆ ಉಂಟಾ, ಬೂತಾಯಿ ಹೇಗೆ ಎಂದು ಹೋಟೆಲಿನವರು ಕೇಳುವುದು, ಇವರು ಒಂದೇ ಕೈಯಲ್ಲಿ ಸ್ಟೇರಿಂಗ್ ಹಿಡಿದು ರೇಟು ಹೇಳುವುದು. ಆ ಮೀನು ಮಾರುವವಳು ನಾನು, ಪಕ್ಕದ ಸೀಟಿನಲ್ಲಿ ಜೀವ ಕೈಯಲ್ಲಿ ಹಿಡಿದು ಕೂರುವವಳೂ ನಾನೇ. ಮದುವೆಯಾದಂದಿನಿಂದ ಬೇಡಿಕೊಂಡೆ, ಬೈದೆ, ಕಣ್ಣೀರು ಹಾಕಿದೆ. “ನೀನು ಸುಮ್ಮನೆ ಕೂತ್ಕೋ” ಎಂಬುದೇ ಉತ್ತರ.

ಅವಳು ಬಂದು ವಾರವಾಗಿರಲಿಲ್ಲ, ಫೋನು ಸೀಟಿನ ಕೆಳಗೆ ಹೋಯಿತು. ನನ್ನ ಮೇಲೆ ತುಳುವಿನಲ್ಲಿ ಗುರುಗುಟ್ಟುವ ಮನುಷ್ಯ ಅವಳಿಗೆ ಶುದ್ಧ ಕನ್ನಡದಲ್ಲಿ, “ಆಯ್ತು, ನೋಡ್ತೇನೆ” ಎನ್ನುತ್ತಿದ್ದರು. ಜೀವ ಉಳಿಸುವ ಯಂತ್ರದ ಮೇಲೆ ಹೊಟ್ಟೆಕಿಚ್ಚು ಪಡುವುದು ನಾಚಿಕೆಗೇಡೆಂದು ನನಗೆ ಗೊತ್ತಿತ್ತು. ಆದರೂ ಹೊಟ್ಟೆ ಉರಿಯಿತು. ಧೂಳು ಒರೆಸುವ ನೆಪದಲ್ಲಿ ಮೀನು ಮುಟ್ಟಿದ ಕೈಯಲ್ಲೇ ಒಮ್ಮೆ ಅವಳ ಮುಖ ಉಜ್ಜಿದ್ದೇನೆ.

ಒಂದು ಅಭ್ಯಾಸವನ್ನು ಮಾತ್ರ ಅವಳಿಂದಲೂ ಬಿಡಿಸಲಾಗಲಿಲ್ಲ. ಅಂಬಲಪಾಡಿ ಬಂತೆಂದರೆ ಇವರು ಸ್ಟೇರಿಂಗಿನಿಂದ ಬಲಗೈ ಎತ್ತಿ, ಅಮ್ಮನವರ ದೇವಸ್ಥಾನದ ಕಡೆ ಕತ್ತು ತಿರುಗಿಸಿ, ಎದೆ ಮುಟ್ಟಿ ನಮಸ್ಕರಿಸಲೇಬೇಕು. ನಮ್ಮ ಕಡೆಯ ಡ್ರೈವರುಗಳೆಲ್ಲ ಹೀಗೆಯೇ. ಅಲ್ಲಿ ಅವಳು ದಿನವೂ ಎಚ್ಚರಿಸುತ್ತಿದ್ದಳು. “ಅಮ್ಮನಿಗೆ ಮಾರಾಯ್ತಿ, ಒಂದು ನಿಮಿಷ” ಎಂದು ಇವರು ಅವಳನ್ನು ಸಮಾಧಾನ ಮಾಡುತ್ತಿದ್ದರು. ಮಾರಾಯ್ತಿ ಎಂದು ಆವರೆಗೆ ಕರೆದದ್ದು ನನ್ನನ್ನು.

ಒಂದು ಬೆಳಿಗ್ಗೆ ಅದೇ ಜಾಗದಲ್ಲಿ ಇವರ ಕತ್ತು ತಿರುಗಿದ್ದಾಗ ಸ್ಕೂಟರೊಂದು ಅಡ್ಡ ಬಂತು. “ಬ್ರೇಕ್!” ಎಂದು ಕಿರುಚಿದೆ. ಆಮೇಲೆ ಅವಳೂ ಕೂಗಿದಳು. ಹಿಂದೆ ಮೀನಿನ ಬಾಕ್ಸುಗಳು ಧಡಧಡ ಜಾರಿದವು; ಟೆಂಪೊ ಸ್ಕೂಟರಿಗೆ ತಾಗುವಷ್ಟರಲ್ಲಿ ನಿಂತಿತು. ಸ್ಕೂಟರಿನವ ಬೈದುಕೊಂಡು ಹೋದ.

ಇವರು ಕ್ಯಾಮೆರಾವನ್ನು ಸವರಿದರು. “ನೀನು ಇಲ್ಲದಿದ್ದರೆ ಇವತ್ತು ಕಥೆ ಮುಗೀತಿತ್ತು ಮಾರಾಯ್ತಿ.”

“ಮೊದಲು ಕೂಗಿದ್ದು ನಾನು” ಎಂದೆ.

“ಹೌದಾ? ಎಂತ ಕೂಗಿದೆ? ನನಗೆ ಅವಳದ್ದೇ ಕೇಳಿದ್ದು.”

ಎರ್ಮಾಳ್ ದಾಟುವವರೆಗೂ ನಾನು ಮುಖ ಕಿಟಕಿಯ ಕಡೆ ತಿರುಗಿಸಿಯೇ ಕೂತೆ. ಇವರಿಗೆ ಅದು ಗೊತ್ತಾಗಲೂ ಇಲ್ಲ. ನಾನು ಇಷ್ಟು ವರ್ಷ ಬೇಡಿಕೊಂಡ ಹಾಗೆಯೇ, ಕಣ್ಣು ಕದಲಿಸದೆ ರಸ್ತೆಯನ್ನೇ ನೋಡುತ್ತಿದ್ದರು.