ಇಲಿಗಳ ಬಡಗಿ

ಬಾಗಿಲು, ಕಿಟಕಿ, ಮಂಚ ಮಾಡುತ್ತಲೇ ಅರ್ಧ ಆಯಸ್ಸು ಸವೆಸಿದ್ದ ಬಡಗಿಗೆ ಇಂಥ ಗಿರಾಕಿ ಸಿಕ್ಕಿದ್ದು ಅದೇ ಮೊದಲು. ಪ್ರಯೋಗಾಲಯದಿಂದ ಬಂದಿದ್ದ ಸಂಶೋಧಕಿ ಹಲಗೆಯ ಮೇಲೇ ಚಿತ್ರ ಬಿಡಿಸಿದಳು. ಕೂಡುವ ಚಿಹ್ನೆಯ ಹಾಗೆ ನಾಲ್ಕು ಕವಲಿನ ಹಾದಿ, ಕೆಳಗೆ ಎತ್ತರದ ಕಾಲುಗಳು. ಎದುರುಬದುರಿನ ಎರಡು ಕವಲಿಗೆ ಗೋಡೆ, ಉಳಿದೆರಡು ಬಟಾಬಯಲು.

"ಇದರ ಮೇಲೆ ಯಾರು ಓಡಾಡ್ತಾರೆ?"

"ಇಲಿಗಳು."

ಬಡಗಿ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಅವಳ ಮುಖ ನೋಡಿದ. ತಮಾಷೆಯ ಮುಖವಲ್ಲ.

ಅವಳು ಬಿಡಿಸಿ ಹೇಳಿದಳು. ಇಕ್ಕಟ್ಟಿನಲ್ಲಿ ಕೂಡಿಹಾಕಿದ ಇಲಿ ಪುಕ್ಕಲಾಗುತ್ತದೆ, ಗೋಡೆ ಬಿಟ್ಟು ಬಯಲಿಗೆ ಬರಲು ಒಲ್ಲದು. ಅಂಥದ್ದಕ್ಕೆ ಸತುವಿನ ಆಕ್ಸೈಡಿನ ನ್ಯಾನೋ ಕಣಗಳನ್ನು, ಅಂದರೆ ಹಿಟ್ಟಿಗಿಂತ ಎಷ್ಟೋ ಪಾಲು ನುಣ್ಣನೆಯ ಪುಡಿಯನ್ನು, ಚೂರೇ ಚೂರು ತಿನ್ನಿಸಿದರೆ ಭಯ ಇಳಿಯುತ್ತದೋ ಏರುತ್ತದೋ ಎಂದು ಅವಳು ನೋಡಬೇಕಿತ್ತು.

ಸಂಜೆ ಮನೆಯಲ್ಲಿ ಇದನ್ನು ಕೇಳಿ ಬಡಗಿಯ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಮ್ಮ ಅಡುಗೆಮನೆ ಕಪಾಟಿನ ಬಾಗಿಲು ಕಳಚಿ ಎಷ್ಟು ದಿನ ಆಯ್ತು? ಅಲ್ಲಿ ಓಡಾಡೋವು ಇಲಿಗಳಲ್ವಾ, ಅಥವಾ ಓದಿದ ಇಲಿಗಳಿಗೆ ಮಾತ್ರ ನಿಮ್ಮ ಕೈಕೆಲಸನಾ?"

ಬಡಗಿ ಎದ್ದು ಕಪಾಟು ಸರಿಮಾಡಿದ. ಆಮೇಲೆ ಇಲಿಗಳ ಕೆಲಸಕ್ಕೆ ಕೂತ. ಉಜ್ಜಿ ಉಜ್ಜಿ, ಮುಖ ಕಾಣುವ ಹಾಗೆ ವಾರ್ನಿಷ್ ಹೊಡೆದು, ಮದುವಣಗಿತ್ತಿಯನ್ನು ಕಳಿಸಿಕೊಡುವವನ ಹಾಗೆ ಪ್ರಯೋಗಾಲಯಕ್ಕೆ ಕಳಿಸಿದ. ಬೀದಿಯವರು ಅವನಿಗೆ ಆಗಲೇ 'ಇಲಿ ಮೇಸ್ತ್ರಿ' ಅಂತ ಹೆಸರಿಟ್ಟಾಗಿತ್ತು.

ಅಲ್ಲಿ ನೋಡಿದರೆ ಒಂದು ಇಲಿಯೂ ಮೂಲೆ ಬಿಟ್ಟು ಕದಲಲಿಲ್ಲ. ಯಾವ ಕಾಟವೂ ಕಾಣದೆ ಆರಾಮಾಗಿದ್ದ ಇಲಿಗಳು ಕೂಡ ಅಲ್ಲೇ ಮುದುಡಿ ಕೂತವು.

"ಮೇಸ್ತ್ರಿ, ಕೆಲಸ ತುಂಬ ಚೆನ್ನಾಗಿದೆ," ಎಂದಳು ಸಂಶೋಧಕಿ. "ಆದ್ರೆ ಈ ಹೊಳಪು, ಈ ವಾಸನೆ, ಎರಡೂ ಅವಕ್ಕೆ ಆಗಿಬರಲ್ಲ."

ಬಡಗಿಯ ಮುಖ ಸಪ್ಪಗಾಯಿತು. ಅಷ್ಟು ಅಕ್ಕರೆಯಿಂದ ತಂದ ಹೊಳಪನ್ನು ತಾನೇ ಕೆರೆದು ತೆಗೆದ. ವಾಸನೆಯಿಲ್ಲದ ಮಂಕು ಕಪ್ಪು ಹಾಳೆ ಅಂಟಿಸಿ, ಚೆನ್ನಾಗಿ ಗಾಳಿಗಿಟ್ಟು, ದಿನಾ ಮೂಗು ಹಚ್ಚಿ ನೋಡಿ, ಕೊನೆಗೆ ತಾನೇ ಹೊತ್ತುಕೊಂಡು ಹೋದ.

ಈ ಸಲ ಇಲಿಗಳು ಒಪ್ಪಿಕೊಂಡವು. ಹಲವು ತಿಂಗಳಾದ ಮೇಲೆ ಸಂಶೋಧಕಿ ನಗುನಗುತ್ತಾ ಅಂಗಡಿಗೆ ಬಂದಳು. ಪುಡಿ ತಿಂದ ಪುಕ್ಕಲು ಇಲಿಗಳು ತಿನ್ನದವುಗಳಿಗಿಂತ ಹೆಚ್ಚು ಹೊತ್ತು ಬಯಲಿನಲ್ಲಿ ಅಡ್ಡಾಡಿದ್ದವು. ಪುಡಿಯ ಪ್ರಮಾಣ ಜಾಸ್ತಿಯಾದಾಗ ಮಾತ್ರ ಆ ಗುಣ ಕಾಣಲಿಲ್ಲ.

"ಇಷ್ಟಕ್ಕೇ ಗೆದ್ವಿ ಅನ್ನೋಕಾಗಲ್ಲ. ಮತ್ತೆ ಮಾಡಿ ನೋಡಬೇಕು. ಪಕ್ಕದ ವಿಭಾಗದವರೂ ಮಾಡ್ತಾರಂತೆ, ಅವರಿಗೂ ಇಂಥದ್ದೇ ಒಂದು ಬೇಕು."

ಎರಡನೆಯದನ್ನು ತಲುಪಿಸಲು ಹೆಂಡತಿಯೂ ಜೊತೆಗೆ ಹೊರಟಳು. ಒಂದು ತುದಿ ಹಿಡಿದುಕೊಳ್ಳೋಕೆ ಅಂದಳು, ಕುತೂಹಲ ಅನ್ನಲಿಲ್ಲ. ಸಂಶೋಧಕಿ ಇಬ್ಬರನ್ನೂ ಪಕ್ಕದ ಕೋಣೆಯಲ್ಲಿ, ಇಲಿಗಳನ್ನು ಕ್ಯಾಮೆರಾದಿಂದ ತೋರಿಸುವ ಪರದೆಯ ಮುಂದೆ ಕೂರಿಸಿದಳು. ಬಿಳಿ ಇಲಿಯೊಂದು ಗೋಡೆಯ ಮರೆಯಿಂದ ಮೂಗು ಚಾಚಿತು, ಹಿಂದೆಗೆಯಿತು, ಮತ್ತೆ ಚಾಚಿತು. ಆಮೇಲೆ ಮೈಯನ್ನು ಉದ್ದಕ್ಕೆ ಎಳೆದುಕೊಂಡು, ಒಂದೊಂದೇ ಕಾಲಿಟ್ಟು, ಬಯಲಿನ ತುದಿಗೇ ಬಂದು ಕೆಳಗೆ ಇಣುಕಿತು.

ಹೆಂಡತಿ ಅವನ ತೋಳು ಹಿಡಿದಳು. "ಬೀಳತ್ತೆ ಕಣ್ರೀ."

"ಬೀಳಲ್ಲ. ಅಂಚಿಗೆ ಸಣ್ಣ ಪಟ್ಟಿ ಕೊಟ್ಟಿದೀನಿ."

ಇಲಿ ಅಲ್ಲೇ ಕುಕ್ಕರಗಾಲಲ್ಲಿ ಕೂತು, ಮುಂಗಾಲಿನಿಂದ ಸಾವಕಾಶವಾಗಿ ಮುಖ ತೊಳೆಯತೊಡಗಿತು. ಹೆಂಡತಿ ಕುರ್ಚಿಯನ್ನು ಇನ್ನಷ್ಟು ಮುಂದೆಳೆದುಕೊಂಡಳು. ಮನೆಗೆ ಹೊರಡೋಣವೇ ಎಂದು ಬಡಗಿ ಎರಡು ಸಲ ಕೇಳಿದ.

"ಇರಿ, ಇನ್ನೊಂದು ಬರಲಿ," ಎಂದಳು.