ದೊಡ್ಡಮ್ಮ ಮುಖ ತಿರುಗಿಸದ ಫೋಟೊ

2023ರ ನವೆಂಬರ್ ತಿಂಗಳು. ನಾನು ಹೊಳಲ್ಕೆರೆಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಕಚೇರಿ ಕೆಲಸದ ಮೇಲೆ ಚಿತ್ರದುರ್ಗಕ್ಕೆ ಹೋಗಿದ್ದವಳು ಊಟದ ಬಿಡುವಿನಲ್ಲಿ ಸುಮ್ಮನೆ ಪೇಟೆ ಬೀದಿಯಲ್ಲಿ ನಡೆಯುತ್ತಿದ್ದೆ. ಒಂದು ಹಳೆಯ ಸ್ಟುಡಿಯೋದ ಗಾಜಿನ ಬೀರುವಿನಲ್ಲಿ ನಾಲ್ಕೈದು ರೀಲ್ ಕ್ಯಾಮೆರಾಗಳು ಕಂಡವು. ನಮ್ಮ ಶಾಲೆಗೆ ಗ್ರೂಪ್ ಫೋಟೊ ತೆಗೆಯಲು ಬರುತ್ತಿದ್ದವರ ಕೊರಳಲ್ಲಿ ಅಂಥದ್ದನ್ನು ನೋಡಿ, ಒಂದು ಸಲ ಮುಟ್ಟಿದರೆ ಸಾಕು ಎಂದುಕೊಂಡಿದ್ದವಳು ನಾನು. ಕಾಲು ತಾನಾಗಿಯೇ ಒಳಗೆ ಹೋಯಿತು.

ಸ್ಟುಡಿಯೋದ ಮಾಲೀಕರು ಖಲೀಲ್ ಸಾಬರು, ಎಪ್ಪತ್ತರ ಹತ್ತಿರದ ವಯಸ್ಸು. ಮೊದಲು ಒಂದು ದೊಡ್ಡ ಕ್ಯಾಮೆರಾ ಕೈಗಿಟ್ಟರು. ಅದರ ಉಂಗುರ ತಿರುಗಿಸಿ ನಾವೇ ಫೋಕಸ್ ಮಾಡಬೇಕು. ನನಗೆ ಚಾಳೀಸು ಬಂದು ಎರಡು ವರ್ಷವಾಗಿತ್ತು. ಎಷ್ಟು ತಿರುಗಿಸಿದರೂ ಎದುರಿನ ಗೋಡೆಯ ಕ್ಯಾಲೆಂಡರ್ ಮಂಜುಮಂಜಾಗಿಯೇ ಇತ್ತು.

"ಇದು ನಿಮಗಲ್ಲ ಬಿಡ್ರಮ್ಮ," ಎಂದು ಅವರು ಡ್ರಾಯರಿನಿಂದ ಅಂಗೈಯಗಲದ ಕಪ್ಪು ಕ್ಯಾಮೆರಾ ತೆಗೆದರು. "ಇದು ಆಟೋಫೋಕಸ್. ಬಟನ್ ಅರ್ಧ ಒತ್ರಿ, ಅದೇ ನೋಡ್ಕೊಂತೈತೆ. ಹಸಿರು ದೀಪ ಬಂದ್ಮೇಲೆ ಪೂರ್ತಿ ಒತ್ರಿ."

ಅರ್ಧ ಒತ್ತಿದೆ. ಒಳಗೆ ಏನೋ ಸಣ್ಣಗೆ ಝುಯ್ ಎಂದಿತು. ಹಸಿರು ದೀಪ ಹತ್ತಿತು. ನನಗೆ ಎಷ್ಟು ಖುಷಿಯಾಯಿತೆಂದರೆ ಚೌಕಾಸಿ ಮಾಡುವುದನ್ನೇ ಮರೆತೆ. ಅವರೇ ಒಂದು ರೀಲು ಹಾಕಿಕೊಟ್ಟರು. ಕ್ಯಾಮೆರಾದ ಹಿಂದಿನ ಬಾಗಿಲು ಮುಚ್ಚಿದ ಕೂಡಲೇ ಅದು ಗುರ್ ಎಂದು ಅರ್ಧ ನಿಮಿಷ ಸದ್ದು ಮಾಡಿ, ಮೇಲಿನ ಪುಟ್ಟ ಕಿಂಡಿಯಲ್ಲಿ 36 ಎಂದು ತೋರಿಸಿತು. "ರೀಲ್ ಮುಗಿಯಾತನಕ ಹಿಂದ್ಗಡೆ ಬಾಗ್ಲು ತೆಗೀಬ್ಯಾಡ್ರಿ," ಎಂದು ಎರಡು ಸಲ ಹೇಳಿ, ತಮ್ಮ ಫೋನ್ ನಂಬರು ಬರೆದುಕೊಟ್ಟರು.

ಮರುದಿನ ಕಚೇರಿಯಲ್ಲಿ "ರೀಲ್ ಕ್ಯಾಮೆರಾ ತಗೊಂಡೆ" ಎಂದರೆ ನಮ್ಮ ಕಂಪ್ಯೂಟರ್ ಆಪರೇಟರ್ ಹುಡುಗಿ, "ರೀಲ್ಸ್ ಮಾಡ್ತೀರಾ ಮೇಡಂ? ನಾನೂ ಬರ್ತೀನಿ" ಎಂದಳು. ಅವಳದೊಂದು ಫೋಟೊ ತೆಗೆದೆ. ಆಮೇಲೆ ಚಹಾದಂಗಡಿಯ ಹಬೆ, ಬಸ್ಸಿನ ಕಿಟಕಿಗೆ ತಲೆಯಾನಿಸಿ ಮಲಗಿದ್ದ ಅಜ್ಜ, ಜೋಗಿಮಟ್ಟಿಯ ಮೇಲಿಂದ ಕಂಡ ಗಾಳಿಯಂತ್ರಗಳು. ಮೊಬೈಲಿನಲ್ಲಾದರೆ ಒಂದಕ್ಕೆ ಹತ್ತು ತೆಗೆಯುತ್ತಿದ್ದೆ. ಇದರಲ್ಲಿ ಒಂದು ತೆಗೆಯುವ ಮುಂಚೆ ಹತ್ತು ಸಲ ನೋಡುತ್ತಿದ್ದೆ. ದಿನಾ ಓಡಾಡುವ ಬೀದಿಯನ್ನು ಆ ಎರಡು ವಾರದಲ್ಲಿ ನೋಡಿದಷ್ಟು ಚೆನ್ನಾಗಿ ನಾನು ಹಿಂದೆಂದೂ ನೋಡಿರಲಿಲ್ಲ.

ಆ ಎರಡು ವಾರ ಕಳೆದ ಮೇಲಿನ ಭಾನುವಾರ ಹಿರಿಯೂರಿನಲ್ಲಿ ಬಸ್ಸು ಬದಲಿಸಿ ಧರ್ಮಪುರದ ಕಡೆಯ ದೊಡ್ಡಮ್ಮನ ಊರಿಗೆ ಹೋದೆ. ತಿಪ್ಪಮ್ಮ ನನ್ನ ತಾಯಿಯ ಅಕ್ಕ. ನಮ್ಮಮ್ಮ ತೀರಿಕೊಂಡ ಮೇಲೆ ನನ್ನ ಬಾಣಂತನ ಮಾಡಿದವರು ಅವರೇ. ಆದರೆ ಅವರದೊಂದು ಸರಿಯಾದ ಫೋಟೊ ನಮ್ಮ ಯಾರ ಮನೆಯಲ್ಲೂ ಇಲ್ಲ. ಎಳೆ ವಯಸ್ಸಿನಲ್ಲೇ ಅವರ ಎಡಗಣ್ಣಿಗೆ ಹೂ ಬಿದ್ದಿತ್ತು. ಮದುವೆ ಮನೆಯ ಫೋಟೊಗಳಲ್ಲೆಲ್ಲ ಅವರು ಹಿಂದಿನ ಸಾಲಿನಲ್ಲಿ ಮುಖ ತಿರುಗಿಸಿ ನಿಂತಿರುತ್ತಾರೆ, ಇಲ್ಲವೇ ಸೆರಗು ಅಡ್ಡ ಬಂದಿರುತ್ತದೆ.

ಅವರು ಅಂಗಳದಲ್ಲಿ ಕುಳಿತು ಗಿಡದಿಂದ ಶೇಂಗಾ ಬಿಡಿಸುತ್ತಿದ್ದರು. ನಾನು ಚೀಲದಿಂದ ಕ್ಯಾಮೆರಾ ತೆಗೆದದ್ದೇ ತಡ, ಮುಖ ಆ ಕಡೆ ಹೋಯಿತು.

"ಬ್ಯಾಡ ಕಣೆ ಮಂಜಿ. ಮೊಬೈಲಲ್ಲಿ ತೆಗೆದು ಎಲ್ರೂ ತಲೆ ಕೂಡಿಸ್ಕೊಂಡು ನೋಡ್ತಾರೆ. ದೊಡ್ಡದು ಮಾಡಿ ನನ್ ಕಣ್ಣೇ ನೋಡ್ತಾರೆ."

"ಇದ್ರಲ್ಲಿ ಯಾರೂ ನೋಡಕ್ಕಾಗಲ್ಲ ದೊಡ್ಡಮ್ಮ. ಬೆಂಗ್ಳೂರಿಗೆ ಕಳಿಸಿ ತೊಳಿಸ್ಬೇಕು. ಬರಕ್ಕೆ ಇಪ್ಪತ್ತು ದಿನ ಆಗುತ್ತೆ. ನಂಗೂ ಕಾಣಲ್ಲ."

ಅವರು ಕ್ಯಾಮೆರಾದ ಹಿಂಭಾಗವನ್ನು ಬೆರಳಿನಿಂದ ಮುಟ್ಟಿ ನೋಡಿದರು. ಪರದೆ ಇರಲಿಲ್ಲ.

"ಹಂಗಾರೆ ತೆಗಿ," ಎಂದರು.

ಮೊದಲನೆಯದರಲ್ಲಿ ತಲೆ ತಗ್ಗಿಸಿದ್ದರು. ಎರಡನೆಯದಕ್ಕೆ ಅರ್ಧ ತಿರುಗಿದರು. ಮೂರನೆಯ ಸಲ ಕ್ಯಾಮೆರಾ ಝುಯ್ ಎಂದಾಗ, "ಇದೇನೇ, ಜೀರುಂಡೆ ಕೂಡಿ ಹಾಕಿದೀಯಾ?" ಎಂದು ನನ್ನನ್ನೇ ನೇರವಾಗಿ ನೋಡಿ ನಕ್ಕುಬಿಟ್ಟರು. ಒತ್ತಿದೆ.

ಅಷ್ಟರಲ್ಲಿ ಅವರ ಮಗ ಓಬಳೇಶಣ್ಣ ಹೊಲದಿಂದ ಬಂದ. "ನಮ್ಮವ್ವ ಫೋಟೊ ತೆಗೆಸ್ಕೊಂಡ್ಲಾ? ಎಲ್ಲಿ, ನೋಡಾಣ," ಎಂದು ಕ್ಯಾಮೆರಾ ಕೈಗೆ ತೆಗೆದುಕೊಂಡು, ಫೋಟೊ ಎಲ್ಲಿ ಕಾಣುತ್ತದೆಂದು ಅದನ್ನೂ ಇದನ್ನೂ ಅದುಮಿದ. ಹಿಂದಿನ ಬಾಗಿಲು ಟಕ್ಕೆಂದು ತೆರೆದುಕೊಂಡಿತು. ನಡು ಮಧ್ಯಾಹ್ನದ ಬಿಸಿಲು.

ನಾನು ಕಸಿದುಕೊಂಡು ಮುಚ್ಚಿದೆ. ರೀಲಿಗೆ ಬೆಳಕು ಬಿದ್ದರೆ ಎಲ್ಲ ಹೋಯಿತು ಎಂಬುದಷ್ಟೇ ನನಗೆ ಗೊತ್ತಿದ್ದದ್ದು. ಓಬಳೇಶಣ್ಣನ ಮುಖ ಸಣ್ಣದಾಯಿತು. "ಇನ್ನೊಂದ್ಸಲ ಕುಂತ್ಕಳವ್ವ," ಎಂದು ಬೇಡಿಕೊಂಡ.

"ಹೋಗ್ಲಿ ಬಿಡ್ರಿ," ಎಂದರು ದೊಡ್ಡಮ್ಮ. "ನನ್ ಮುಖ ಪಟಕ್ಕೆ ಬರಂಗಿಲ್ಲ ಅಂತ ಐತೆ." ಮತ್ತೆ ಶೇಂಗಾ ಬಿಡಿಸತೊಡಗಿದರು. ಸೆರಗು ಮತ್ತೆ ಆ ಕಣ್ಣಿನ ಮೇಲೆ ಬಂದಿತ್ತು.

ನಾನು ಬೇಲಿಯ ಹತ್ತಿರ ಹೋಗಿ ಖಲೀಲ್ ಸಾಬರಿಗೆ ಫೋನ್ ಮಾಡಿದೆ. ಅಳು ಬರುವ ಹಾಗಿತ್ತು. ಅವರು ನಿಧಾನವಾಗಿ ಕೇಳಿದರು:

"ರೀಲ್ ಹಾಕಿದಾಗ ಗುರ್ ಅಂತ ಸದ್ದಾಯ್ತಲ್ಲ, ನೆನಪೈತಾ?"

"ಐತೆ."

"ಆವಾಗ್ಲೇ ಅದು ರೀಲ್ ಪೂರ್ತಿ ಅದರ ಡಬ್ಬಿಯಿಂದ ಹೊರಗೆ ಎಳ್ಕೊಂಡೈತೆ. ಒಂದೊಂದು ತೆಗೆದಂಗೆಲ್ಲ ತೆಗೆದಿದ್ದು ವಾಪಸ್ ಡಬ್ಬಿ ಒಳಕ್ಕೆ ಹೋಗ್ತೈತೆ. ನೀವು ತೆಗೆದಿದ್ದೆಲ್ಲ ಡಬ್ಬಿ ಒಳಗೈತಮ್ಮ. ಬಿಸ್ಲು ಬಿದ್ದಿದ್ದು ಖಾಲಿ ರೀಲಿಗೆ."

ನನಗೆ ನಂಬಲಾಗಲಿಲ್ಲ. "ಎಲ್ಲಾ ಉಳಿದಿರ್ತವಾ?"

"ಕೊನೇದೊಂದು ಹೇಳಕ್ಕಾಗಲ್ಲ. ಅದು ಡಬ್ಬಿ ಬಾಯಲ್ಲಿರ್ತೈತೆ."

ಕೊನೆಯದೇ ನನಗೆ ಬೇಕಾಗಿದ್ದದ್ದು. ದೊಡ್ಡಮ್ಮನಿಗೆ ಏನೂ ಹೇಳದೆ ವಾಪಸಾದೆ. ಆಸೆ ಹುಟ್ಟಿಸಿ ಮತ್ತೆ ನಿರಾಸೆ ಮಾಡುವುದು ಬೇಡವೆನಿಸಿತು. ಸಾಬರೇ ರೀಲನ್ನು ಸುತ್ತಿ ತೆಗೆದು ಬೆಂಗಳೂರಿಗೆ ಕಳಿಸಿದರು.

ಮೂರು ವಾರದ ಮೇಲೆ ಅವರ ಫೋನು ಬಂತು. "ಬರ್ರಿ," ಎಂದಷ್ಟೇ ಹೇಳಿದರು. ಕಚೇರಿ ಬಿಟ್ಟೊಡನೆ ಚಿತ್ರದುರ್ಗದ ಬಸ್ಸು ಹತ್ತಿದೆ. ಅವರು ಫೋಟೊಗಳನ್ನು ಒಂದೊಂದಾಗಿ ಮೇಜಿನ ಮೇಲೆ ಇಟ್ಟರು. ಚಹಾದಂಗಡಿ ಇತ್ತು, ಬಸ್ಸಿನ ಅಜ್ಜ ಇದ್ದರು, ಆಪರೇಟರ್ ಹುಡುಗಿ ಇದ್ದಳು. ಕೊನೆಯದನ್ನು ನನ್ನ ಕೈಗೇ ಕೊಟ್ಟರು. ಒಂದು ಅಂಚಿನಿಂದ ಬೆಂಕಿಯಂಥ ಕಿತ್ತಳೆ ಬಣ್ಣ ಒಳಗೆ ನುಗ್ಗಿ, ದೊಡ್ಡಮ್ಮನ ಕಿವಿಯ ಹತ್ತಿರ ನಿಂತುಬಿಟ್ಟಿತ್ತು. ಮುಖ ಹಾಗೆಯೇ ಇತ್ತು. ಎರಡೂ ಕಣ್ಣು, ಬೊಚ್ಚು ಬಾಯಿ, ಗಲ್ಲದ ಮೇಲೆ ಅಂಟಿದ್ದ ಮಣ್ಣು. ಸಾಬರು, "ಐವತ್ತು ವರ್ಷ ಜನರನ್ನ ನಗ್ರಿ ನಗ್ರಿ ಅಂತ ಗೋಗರೆದೀನಿ. ಇಂಥಾ ನಗು ನಂಗೆ ನಾಲ್ಕು ಸಿಕ್ಕಿರಬೌದು," ಎಂದರು.

ಆ ಭಾನುವಾರ ಅದನ್ನು ದೊಡ್ಡಮ್ಮನ ಕೈಗಿಟ್ಟೆ. ಓಬಳೇಶಣ್ಣ ಈ ಸಲ ಕೈ ಹಿಂದೆ ಕಟ್ಟಿಕೊಂಡು ದೂರ ನಿಂತಿದ್ದ. ಅವರು ಬಹಳ ಹೊತ್ತು ನೋಡಿದರು. ನಾನು ಆ ಕಣ್ಣಿನ ಬಗ್ಗೆ ಏನಾದರೂ ಹೇಳುತ್ತಾರೆಂದು ಹೆದರಿ ಕಾದೆ.

"ನಾನು ನಕ್ರೆ ನಮ್ಮವ್ವನಂಗೆ ಕಾಣ್ತೀನಿ. ಯಾರೂ ಹೇಳೇ ಇರ್ಲಿಲ್ವಲ್ಲೇ," ಎಂದರು.

ಆಮೇಲೆ ಎದ್ದು, ಫೋಟೊವನ್ನು ಸೆರಗಿನಿಂದ ಒರೆಸಿ, ಎದುರು ಮನೆಗೆ ಹೋದರು. ಅಲ್ಲಿಂದ ಪಕ್ಕದ ಮನೆಗೆ. ಸಂಜೆಯವರೆಗೂ ಬೀದಿಯ ಒಂದೊಂದು ಮನೆಯಿಂದಲೂ ಅವರ ದನಿ ಕೇಳುತ್ತಿತ್ತು. ನಾನು ಕಟ್ಟೆಯ ಮೇಲೆ ಕುಳಿತು ಹೊಸ ರೀಲು ಹಾಕಿದೆ. ಎದುರು ಮನೆಯ ಅಜ್ಜಿಯೊಬ್ಬರು ಆಗಲೇ ತಲೆ ಬಾಚಿಕೊಂಡು ನನ್ನತ್ತ ಬರುತ್ತಿದ್ದರು.

ನಾನು ದೊಡ್ಡ ಫೋಟೊಗ್ರಾಫರ್ ಏನೂ ಅಲ್ಲ. ಫೋಕಸ್ ಮಾಡಿದ್ದು ಕ್ಯಾಮೆರಾ, ಉಳಿಸಿದ್ದೂ ಅದೇ. ಆದರೂ ಐವತ್ತರ ಅಂಚಿನಲ್ಲಿ ನಾನು ಯಾರಿಗೋ ಅವರ ಮುಖವನ್ನು ತಂದುಕೊಟ್ಟೆ ಎಂಬ ಸಂತೋಷ ಮಾತ್ರ ನನ್ನದೇ. ಬೇಸರವಾದ ದಿನ ಆ ಭಾನುವಾರದ ಸಂಜೆಯನ್ನು ನೆನೆಸಿಕೊಂಡರೆ ಈಗಲೂ ಮನಸ್ಸು ಹಗುರಾಗುತ್ತದೆ.