ಸೊಟ್ಟ ಬತ್ತಿಗಳು

ನಮ್ಮ ದೇವರ ಗೂಡಿನ ಕೆಳಗಿನ ಡಬ್ಬಿಯಲ್ಲಿರುವ ಬತ್ತಿಗಳನ್ನು ಕಂಡರೆ ನೀವು ನಕ್ಕೇ ನಗುತ್ತೀರಿ. ಒಂದು ದಪ್ಪ, ಒಂದು ಸಣಕಲು, ಮತ್ತೊಂದಕ್ಕೆ ತಲೆ ಯಾವುದು ಬಾಲ ಯಾವುದು ಎಂಬುದೇ ತಿಳಿಯದು. ಆದೋನಿಯಲ್ಲಿ, ಅದೂ ಹತ್ತಿ ವ್ಯಾಪಾರದವರ ಮನೆಯಲ್ಲಿ, ಇಂಥ ಬತ್ತಿಯೇ ಎಂದು ಬಂದವರು ಹುಬ್ಬೇರಿಸುತ್ತಾರೆ. ಏರಿಸಲಿ. ಅವು ನನ್ನ ಮಗಳು ಶಿವಲೀಲಾ ಜೀವಶಾಸ್ತ್ರ ಓದುತ್ತಾ ಹೊಸೆದ ಬತ್ತಿಗಳು.

ಅವಳ ಗಮನ ಒಂದು ಕಡೆ ನಿಲ್ಲುವುದಿಲ್ಲ. ಇದು ಸೋಮಾರಿತನವಲ್ಲ, ಅವಳ ಮನಸ್ಸಿನ ರೀತಿಯೇ ಹಾಗೆ ಎಂದು ಕರ್ನೂಲಿನ ಡಾಕ್ಟರು ಹೇಳಿದ್ದರು. ಕೃಷಿ ಕಾಲೇಜು ಸೇರಬೇಕೆಂಬುದು ಅವಳದೇ ಆಸೆ. ಅದಕ್ಕೆ ಎಂಸೆಟ್ ಎಂಬ ಪ್ರವೇಶ ಪರೀಕ್ಷೆಯಲ್ಲಿ ಮೂರು ತಾಸು ಅಲುಗದೆ ಕೂರಬೇಕು. ಪರೀಕ್ಷೆ ಹತ್ತಿರವಾದಂತೆ ನಾವು ನಮಗೆ ತಿಳಿದ ಮದ್ದು ಮಾಡಿದೆವು: ನಿಶ್ಶಬ್ದ. ಟಿವಿಗೆ ಬಟ್ಟೆ ಮುಚ್ಚಿದೆವು. ಕುಕ್ಕರ್ ಕೂಗೀತೆಂದು ಬೇಳೆಯನ್ನು ಪಾತ್ರೆಯಲ್ಲೇ ಬೇಯಿಸಿದೆ. ಫೋನಿನಲ್ಲಿ ಹತ್ತಿಯ ದರವನ್ನು ಓಣಿಗೆಲ್ಲ ಕೇಳುವಂತೆ ಹೇಳುವ ನನ್ನ ಯಜಮಾನರು ಅಂಗಳಕ್ಕೆ ಹೋಗಿ ಪಿಸುಗುಟ್ಟಿದರು. ಆ ಘನಮೌನದ ನಡುವೆ ಮಗಳು ಫ್ಯಾನು ನೋಡುತ್ತಾ ಕೂತಳು. ಕೋಚಿಂಗಿನ ಮಾದರಿ ಪರೀಕ್ಷೆಯಿಂದ ಅರ್ಧಕ್ಕೇ ಎದ್ದು ಬಂದಳು.

"ಕುಂದ್ರಾಕ ಆಗವಲ್ದವ್ವಾ. ಗೊತ್ತಿದ್ದದ್ದೂ ಹಾರಿ ಹೋಗ್ತೈತಿ," ಎಂದು ಅತ್ತಳು. ನನಗೂ ಅಳು ಬಂತು.

ಅಷ್ಟರಲ್ಲಿ ಶಿವರಾತ್ರಿ ಬಂತು. ಆ ಹಬ್ಬಕ್ಕೆ ಗುಡಿಗೆ ಕೊಡುವ ಬತ್ತಿಯನ್ನು ನಮ್ಮ ಮನೆಯ ಹೆಂಗಸರೇ ಹೊಸೆಯಬೇಕು, ಅಂಗಡಿಯದು ನಡೆಯದು. ನನ್ನ ಅತ್ತೆ ಹತ್ತಿಯ ಬುಟ್ಟಿಯನ್ನು ನೇರ ಮಗಳ ಪುಸ್ತಕದ ಪಕ್ಕ ತಂದಿಟ್ಟರು.

"ಓದೋ ಹುಡುಗಿಗೆ ಇದ್ಯಾಕ್ರಿ ಅತ್ತಿ?" ಎಂದು ನಾನು ಮುಖ ಊದಿಸಿದೆ.

"ಓದೋದು ಕಣ್ಣು. ಕೈ ಖಾಲಿ ಅದಾವಲ್ಲ, ಮಾಡ್ಲಿ ಬಿಡವ್ವ."

ಅವರಿಗೆ ಬೇಕಾಗಿದ್ದುದು ಬತ್ತಿ ಮಾತ್ರ. ಆದರೆ ಮಗಳು ಹೊಸೆಯುತ್ತಾ ಓದಿದಳು, ಓದುತ್ತಾ ಹೊಸೆದಳು; ಪುಟ ತಿರುಗಿತು, ಮತ್ತೂ ತಿರುಗಿತು, ಊಟಕ್ಕೆ ಕರೆದರೂ ಏಳಲಿಲ್ಲ. ಹಬ್ಬ ಮುಗಿದ ಮೇಲೂ ಬುಟ್ಟಿ ಅವಳ ಪಕ್ಕದಲ್ಲೇ ಉಳಿಯಿತು. ಟಿವಿಯ ಬಟ್ಟೆಯನ್ನೂ ತೆಗೆದೆವು.

ನಿಂತ ಮನಸ್ಸು ಎಂದರೆ ಏನಿರಬಹುದು, ಹೇಳಿ? ನಾನು ಬೆಳಿಗ್ಗೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕಲ್ಲಿನ ಹಾಗೆ ಕೂರುತ್ತೇನೆ. ನೋಡಿದವರು ಕೈಮುಗಿದಾರು, ಮನಸ್ಸು ಮಾತ್ರ ಅಡುಗೆಮನೆಯಲ್ಲಿ ಹಾಲು ಕಾಯುತ್ತಿರುತ್ತದೆ. ದೇಹವನ್ನು ಕಟ್ಟಿಹಾಕಿದರೆ ಮನಸ್ಸೂ ಸಿಕ್ಕಿತೆಂದು ನಾವು ನಂಬಿದ್ದೇವೆ. ಕೆಲವರಿಗೆ ಕೈ ನಡೆಯುತ್ತಿದ್ದರೆ ಮಾತ್ರ ಮನಸ್ಸು ಕೂರುತ್ತದೆಯೇನೋ.

ಪರೀಕ್ಷೆಯ ದಿನ ಗೇಟಿನಲ್ಲೇ ಎಲ್ಲವನ್ನೂ ತೆಗೆಸಿದರು. ಹತ್ತಿಯ ಒಂದು ಎಳೆಯೂ ಇಲ್ಲದ ಬರಿಗೈಯಲ್ಲಿ ಮಗಳು ಒಳಗೆ ಹೋದಳು. ನಾನು ಬೇವಿನ ಮರದಡಿ ನಿಂತು, ಗೇಟು ಕಿರುಗುಟ್ಟಿದಾಗಲೆಲ್ಲ ಅವಳೇ ಎದ್ದು ಬಂದಳೆಂದು ಬೆಚ್ಚಿದೆ. ಬರಲಿಲ್ಲ. ಕೊನೆಗೆ ಎಲ್ಲರೊಂದಿಗೆ, ಗುಂಪಿನ ನಡುವೆ ಬಂದಳು.

"ಹೆಂಗಾತು ಅಂತ ಈಗ ಕೇಳಬ್ಯಾಡ. ಪೂರಾ ಕುಂತಿದ್ದೆ," ಎಂದಳು.

ಆಟೋದಲ್ಲಿ ಅವಳು ನನ್ನ ಹೆಗಲಿಗೊರಗಿ ನಿದ್ದೆಹೋದಾಗ ನೋಡಿದೆ: ದುಪಟ್ಟಾದ ಅಂಚು ಈ ತುದಿಯಿಂದ ಆ ತುದಿಯವರೆಗೆ ಸಣ್ಣಸಣ್ಣ ಬತ್ತಿಗಳಾಗಿ ಹೊಸೆದುಹೋಗಿತ್ತು. ಆ ಸುಕ್ಕನ್ನು ಬಿಡಿಸಲು ನನಗೆ ಮನಸ್ಸಾಗಲಿಲ್ಲ.

ಸಂಜೆ ಡಬ್ಬಿ ತೆರೆದು, ಇದ್ದುದರಲ್ಲೇ ಅತಿ ಸೊಟ್ಟಗಿದ್ದ ಬತ್ತಿಯನ್ನು ಆರಿಸಿ ಎಣ್ಣೆಯಲ್ಲಿ ಅದ್ದಿ ಹಚ್ಚಿದೆ. ಎಣ್ಣೆ ತೀರುವತನಕ ಉರಿಯಿತು.